ಅಂಗಡಿಯ ವಿಳಾಸ ಹೊತ್ತು ಊರೂರು ತಿರುಗಿದ ವೈರಸ್

1986ರಲ್ಲಿ ಲಾಹೋರಿನ ಒಂದು ಕಂಪ್ಯೂಟರ್ ಅಂಗಡಿಯಿಂದ ಹೊರಬಿದ್ದ ಪುಟ್ಟ ಪ್ರೋಗ್ರಾಮ್ ಒಂದರ ಹೊಟ್ಟೆಯೊಳಗೆ ಅದನ್ನು ಬರೆದವರ ಹೆಸರಿತ್ತು. ಅಂಗಡಿಯ ಹೆಸರಿತ್ತು, ಬಡಾವಣೆಯ ಹೆಸರಿತ್ತು, ಫೋನ್ ನಂಬರುಗಳಿದ್ದವು. ಈ ವೈರಸ್ಸಿನ ಬಗ್ಗೆ ಎಚ್ಚರದಿಂದಿರಿ, ಲಸಿಕೆ ಬೇಕಿದ್ದರೆ ನಮ್ಮನ್ನು ಕಾಣಿ ಎಂಬ ಒಕ್ಕಣೆಯೂ ಇತ್ತು. ಕನ್ನ ಹಾಕಲು ಹೋದವನು ಗೋಡೆಗೆ ತನ್ನ ವಿಸಿಟಿಂಗ್ ಕಾರ್ಡ್ ಅಂಟಿಸಿ ಬಂದ ಹಾಗೆ! ಐಬಿಎಂ ಪಿಸಿ ಮಾದರಿಯ ಕಂಪ್ಯೂಟರುಗಳ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಇದೇ.

ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ಬ್ರೇನ್ ಕಂಪ್ಯೂಟರ್ ಸರ್ವಿಸಸ್ ಎಂಬುದು ಅವರ ಅಂಗಡಿಯ ಹೆಸರು. ತಾವು ತಯಾರಿಸಿದ ಹೃದಯ ತಪಾಸಣೆಯ ಸಾಫ್ಟ್‌ವೇರನ್ನು ಜನ ಕಾಸು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದರು, ಆ ನಕಲುಗಳ ಬೆನ್ನು ಹತ್ತಲು ಹೀಗೆ ಮಾಡಿದೆವು ಎನ್ನುವುದು ಅವರ ವಾದ. ಅಮೆರಿಕದ ‘ಟೈಮ್’ ಪತ್ರಿಕೆ 1988ರಲ್ಲಿ ಬರೆದದ್ದು ಬೇರೆಯೇ ಕಥೆ. ಅದೇ ಅಂಗಡಿಯಲ್ಲಿ ಲೋಟಸ್ 1-2-3ರಂಥ ದುಬಾರಿ ಸಾಫ್ಟ್‌ವೇರಿನ ನಕಲುಗಳು ಪುಡಿಗಾಸಿಗೆ ಸಿಗುತ್ತಿದ್ದವು. ಕೊಳ್ಳಲು ಬಂದ ವಿದೇಶೀಯರ ಕೈಗೆ ಹೋದ ಫ್ಲಾಪಿಗಳಲ್ಲಿ ವೈರಸ್ ಇರುತ್ತಿತ್ತು ಎಂದಿತು ಅದು. ಪಾಕಿಸ್ತಾನದ ಕಾಪಿರೈಟ್ ಕಾಯ್ದೆಯ ವ್ಯಾಪ್ತಿಗೆ ಆಗಿನ್ನೂ ಸಾಫ್ಟ್‌ವೇರ್ ಬಂದಿರಲಿಲ್ಲ. ಹಾಗಾಗಿ ಊರವರು ನಕಲು ಕೊಂಡರೆ ತಪ್ಪಲ್ಲ, ತಮ್ಮ ದೇಶದ ಕಾನೂನು ಮುರಿದು ಕೊಳ್ಳುವ ಪರದೇಶಿಗಳಿಗೆ ಮಾತ್ರ ಶಿಕ್ಷೆ ಎಂಬ ವಿಚಿತ್ರ ನ್ಯಾಯ. ನನಗೇನೋ ಎರಡೂ ಕಥೆಗಳು ಒಟ್ಟಿಗೇ ನಿಜವಾಗಿರಬಹುದು ಅನಿಸುತ್ತದೆ. ತನ್ನ ಸರಕು ಕದ್ದರೆ ಸಿಟ್ಟು, ಬೇರೆಯವರದ್ದನ್ನು ಮಾರಿದರೆ ವ್ಯಾಪಾರ ಎಂಬ ಧೋರಣೆ ಲಾಹೋರಿಗೆ ಮಾತ್ರ ಮೀಸಲಾದದ್ದೇನಲ್ಲ.

ಬ್ರೇನ್ ಹರಡಿದ ಬಗೆ ತಿಳಿಯಬೇಕಾದರೆ ಆ ಕಾಲದ ಪಿಸಿಗೆ ಹೇಗೆ ಜೀವ ಬರುತ್ತಿತ್ತು ಎಂದು ನೋಡಬೇಕು. ಎಷ್ಟೋ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರಲೇ ಇಲ್ಲ. ಐದೂಕಾಲು ಇಂಚಿನ, 360 ಕೆಬಿ ಹಿಡಿಸುವ, ಬಳುಕುವ ಫ್ಲಾಪಿಯನ್ನು ಎ ಡ್ರೈವಿಗೆ ತೂರಿಸಿ ಸ್ವಿಚ್ ಹಾಕಬೇಕು. ಯಂತ್ರ ಆ ಫ್ಲಾಪಿಯ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳನ್ನು ಓದಿ, ಅಲ್ಲಿ ಏನು ಬರೆದಿದೆಯೋ ಅದನ್ನು ಹಿಂದುಮುಂದು ನೋಡದೆ ನಡೆಸಿಬಿಡುತ್ತಿತ್ತು. ಬೂಟ್ ಸೆಕ್ಟರ್ ಎಂದರೆ ಇದೇ. ಯಾರು ಬರೆದದ್ದು, ಯಾಕೆ ಬರೆದದ್ದು ಎಂದು ವಿಚಾರಿಸುವ ಪದ್ಧತಿಯೇ ಆ ಯಂತ್ರಕ್ಕಿರಲಿಲ್ಲ.

ಅಲ್ವಿ ಸೋದರರು ಈ ಮೊದಲ ಜಾಗಕ್ಕೇ ಕೈ ಹಾಕಿದರು. ಬ್ರೇನ್ ಅಲ್ಲಿ ತಾನು ಕೂತು, ಮೊದಲಿದ್ದ ಬೂಟ್ ಸೆಕ್ಟರನ್ನು ಫ್ಲಾಪಿಯ ಇನ್ನೊಂದು ಮೂಲೆಗೆ ಸಾಗಿಸುತ್ತಿತ್ತು. ತನ್ನ ಉಳಿದ ಭಾಗವನ್ನೂ ಅಲ್ಲೇ ಇಟ್ಟು, ಆ ಜಾಗಕ್ಕೆ ‘ಕೆಟ್ಟ ಸೆಕ್ಟರ್’ ಎಂಬ ಗುರುತು ಹಾಕುತ್ತಿತ್ತು. ಕೆಟ್ಟದ್ದೆಂದ ಮೇಲೆ ಪಿಸಿಯ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ ಅದರ ತಂಟೆಗೆ ಹೋಗುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ವೈರಸ್ ಮೆಮೊರಿಯ ತುತ್ತತುದಿಗೆ ಏರಿ ಕೂರುತ್ತಿತ್ತು. ಆಮೇಲೆ ಯಾವ ಪ್ರೋಗ್ರಾಮ್ ಡಿಸ್ಕನ್ನು ಓದಬೇಕೆಂದರೂ ಅದರ ಕಣ್ಮುಂದೆಯೇ ಹಾದುಹೋಗಬೇಕು. ಹೊಸ ಫ್ಲಾಪಿ ಕಂಡರೆ ಅದರಲ್ಲಿ ತನ್ನ ಗುರುತಿದೆಯೇ ನೋಡುತ್ತಿತ್ತು, ಇಲ್ಲದಿದ್ದರೆ ಅಲ್ಲೂ ಸಂಸಾರ ಹೂಡುತ್ತಿತ್ತು. ಅನುಮಾನ ಬಂದು ಯಾರಾದರೂ ಬೂಟ್ ಸೆಕ್ಟರನ್ನೇ ತೆರೆದು ನೋಡಹೋದರೆ, ಬಚ್ಚಿಟ್ಟ ಹಳೆಯ ಅಸಲಿ ಸೆಕ್ಟರನ್ನು ತಂದು ತೋರಿಸುತ್ತಿತ್ತು. ಪಿಸಿಯ ಮೊದಲ ವೈರಸ್ಸಿಗೇ ಈ ಕಣ್ಣುಕಟ್ಟು ಗೊತ್ತಿತ್ತು ಎಂಬುದು ನನಗೆ ಇವತ್ತಿಗೂ ಬೆರಗು. ಹಾರ್ಡ್ ಡಿಸ್ಕನ್ನು ಮಾತ್ರ ಅದು ಮುಟ್ಟುತ್ತಿರಲಿಲ್ಲ. ಫ್ಲಾಪಿಯ ಹೆಸರನ್ನು ‘ಬ್ರೇನ್’ ಎಂದು ಬದಲಿಸುತ್ತಿತ್ತು, ಅದೂ ಮೊದಲಿಗೊಂದು ಕಾಪಿರೈಟ್ ಚಿಹ್ನೆ ಅಂಟಿಸಿ!

ಡಾಸ್ ಇರುವ ಫ್ಲಾಪಿಯಿಂದ ಮಾತ್ರ ಸೋಂಕು ಬರುತ್ತದೆ, ಬರೀ ಕಾಗದಪತ್ರ, ಲೆಕ್ಕಪತ್ರ ಇರುವ ಫ್ಲಾಪಿಯಿಂದ ಏನೂ ಆಗದು ಎಂದು ಬಹಳ ಜನ ನಂಬಿದ್ದರು. ಅದು ಸುಳ್ಳು. ಅಂಥ ಫ್ಲಾಪಿಯಲ್ಲೂ ಬೂಟ್ ಸೆಕ್ಟರ್ ಇರುತ್ತದೆ. ‘ಇದು ಸಿಸ್ಟಮ್ ಡಿಸ್ಕ್ ಅಲ್ಲ, ಬೇರೆ ಹಾಕಿ ಯಾವುದಾದರೂ ಕೀ ಒತ್ತಿ’ ಎಂಬ ಅರ್ಥದ ಸಾಲನ್ನು ಪರದೆಗೆ ತರುತ್ತಿದ್ದದ್ದೇ ಆ ಸೆಕ್ಟರಿನ ಪುಟ್ಟ ಪ್ರೋಗ್ರಾಮ್. ನಿನ್ನೆ ಸಂಜೆ ಮನೆಗೆ ಹೋಗುವ ಅವಸರದಲ್ಲಿ ಡ್ರೈವಿನಲ್ಲೇ ಮರೆತ ಫ್ಲಾಪಿ, ಇವತ್ತು ಬೆಳಿಗ್ಗೆ ಹಾಕಿದ ಸ್ವಿಚ್, ಪರದೆಯ ಮೇಲೆ ಆ ಸಾಲು. ‘ಓಹ್’ ಎಂದು ಫ್ಲಾಪಿ ಎಳೆದು ಕೀ ಒತ್ತುವ ಹೊತ್ತಿಗೆ ವೈರಸ್ ಮೆಮೊರಿ ಸೇರಿಯಾಗಿರುತ್ತಿತ್ತು. ಅಂದಿನ ಬೂಟ್ ಸೆಕ್ಟರ್ ವೈರಸ್ಸುಗಳಲ್ಲಿ ಬಹುಪಾಲಿಗೆ ದಾರಿ ಕೊಟ್ಟದ್ದು ಇಂಥ ಸಣ್ಣ ಮರೆವೇ.

ಇಂಟರ್‌ನೆಟ್ಟು ಮನೆಮನೆಗೆ ಬಂದಿರದ ಕಾಲದಲ್ಲಿ, ಲಾಹೋರಿನಲ್ಲಿ ಹುಟ್ಟಿದ ಬ್ರೇನ್ ಮರುವರ್ಷವೇ, 1987ರಲ್ಲಿ, ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಫ್ಲಾಪಿಗಳಲ್ಲಿ ಸಿಕ್ಕಿತು. 1988ರ ಮೇ ತಿಂಗಳಲ್ಲಿ ಪ್ರಾವಿಡೆನ್ಸ್ ನಗರದ ಪತ್ರಿಕೆಯೊಂದರ ಕಚೇರಿಯಲ್ಲಿ ಪತ್ತೆಯಾಯಿತು. ಅದಕ್ಕೆ ಸ್ವಂತ ಕಾಲಿರಲಿಲ್ಲ. ಪ್ರವಾಸಿಯ ಜೇಬು, ವಿದ್ಯಾರ್ಥಿಯ ಬ್ಯಾಗು, ಗೆಳೆಯರ ನಡುವಿನ ‘ಒಂದು ಕಾಪಿ ಕೊಡೋ ಮಾರಾಯ’ ಎಂಬ ಸಲಿಗೆ, ಇವೇ ಅದರ ವಾಹನ. ಬ್ರೇನ್ ಹೋದ ದಾರಿಯನ್ನು ಭೂಪಟದಲ್ಲಿ ಗುರುತಿಸಿದರೆ ಸಿಗುವುದು ಆ ಕಾಲದ ಸಾಫ್ಟ್‌ವೇರ್ ನಕಲಿನ ಭೂಪಟವೇ.

ಹಾಗೆ ನೋಡಿದರೆ ಈ ಸಲಿಗೆಯ ಮೇಲೆ ಮೊದಲು ಕಣ್ಣು ಹಾಕಿದವರು ಅಲ್ವಿಗಳಲ್ಲ. ಅವರಿಗಿಂತ ನಾಲ್ಕು ವರ್ಷ ಮುಂಚೆ, 1982ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ರಿಚ್ ಸ್ಕ್ರೆಂಟಾ ಎಂಬ ಹೈಸ್ಕೂಲು ಹುಡುಗ ಆಪಲ್ 2 ಕಂಪ್ಯೂಟರಿಗೆ ‘ಎಲ್ಕ್ ಕ್ಲೋನರ್’ ಬರೆದಿದ್ದ. ಗೆಳೆಯರಿಗೆ ಕೊಡುವ ಆಟದ ಫ್ಲಾಪಿಗಳಲ್ಲಿ ಕಿತಾಪತಿ ಮಾಡಿ, ಆಟದ ನಡುವೆ ಏನಾದರೊಂದು ಕೀಟಲೆಯ ಸಂದೇಶ ಬರುವಂತೆ ಮಾಡುವುದು ಈತನ ಚಾಳಿ. ಬುದ್ಧಿ ಕಲಿತ ಗೆಳೆಯರು ತಮ್ಮ ಫ್ಲಾಪಿ ಮುಟ್ಟಲು ಬಿಡದಾದರು. ಕೈಯಿಂದ ಮುಟ್ಟದೆಯೇ ಅವರ ಫ್ಲಾಪಿಯೊಳಗೆ ಹೋಗುವುದು ಹೇಗೆ ಎಂದು ತಲೆ ಕೆರೆದುಕೊಂಡಾಗ ಹುಟ್ಟಿದ್ದು ಈ ವೈರಸ್. ಒಂದು ಯಂತ್ರದಲ್ಲಿ ಹೊಕ್ಕರೆ ಸಾಕು, ಆ ಯಂತ್ರಕ್ಕೆ ಹಾಕಿದ ಮುಂದಿನ ಫ್ಲಾಪಿಗೂ ಹತ್ತುತ್ತಿತ್ತು. 50ನೇ ಸಲ ಸೋಂಕಿನ ಫ್ಲಾಪಿಯಿಂದ ಯಂತ್ರ ಶುರು ಮಾಡಿದಾಗ ಪರದೆಯಲ್ಲಿ ಒಂದು ತುಂಟ ಪದ್ಯ ಮೂಡುತ್ತಿತ್ತು, ಅಷ್ಟೇ. ಉಳಿದ 49 ಸಲ ಸುಮ್ಮನಿರುವುದರಲ್ಲೇ ಅದರ ಜಾಣ್ಮೆ. ಹತ್ತಿದ ಕೂಡಲೇ ಗದ್ದಲ ಮಾಡುವ ವೈರಸ್ ಬೇಗ ಸಿಕ್ಕಿಬೀಳುತ್ತದೆ ಎಂಬುದು 15 ವರ್ಷದ ಹುಡುಗನಿಗೆ ತಿಳಿದಿತ್ತು.

ಇನ್ನೂ ಹಿಂದೆ ಹೋದರೆ 1971ರ ‘ಕ್ರೀಪರ್’. ಬಿಬಿಎನ್ ಎಂಬ ಕಂಪನಿಯ ಬಾಬ್ ಥಾಮಸ್ ಇದನ್ನು ಬರೆದದ್ದು ಕೇಡಿಗಲ್ಲ, ಪ್ರಯೋಗಕ್ಕೆ. ಇಂದಿನ ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ ಒಂದು ಪ್ರೋಗ್ರಾಮ್ ಯಂತ್ರದಿಂದ ಯಂತ್ರಕ್ಕೆ ತಾನೇ ಜಿಗಿಯಬಲ್ಲುದೇ ಎಂದು ನೋಡಲು. ಹೋದಲ್ಲೆಲ್ಲ ‘ನಾನು ಕ್ರೀಪರ್, ಕೈಲಾದರೆ ಹಿಡಿ’ ಎಂಬಂಥ ಸಾಲೊಂದನ್ನು ಮುದ್ರಿಸುತ್ತಿತ್ತು. ಅದನ್ನು ಬೇಟೆಯಾಡಿ ಅಳಿಸಲು ಬಂದದ್ದು ‘ರೀಪರ್’. ಬರೆದವರು ರೇ ಟಾಮ್ಲಿನ್ಸನ್, ಈಮೇಲ್ ವಿಳಾಸದ ನಡುವೆ @ ಚಿಹ್ನೆ ತಂದವರು.

‘ವೈರಸ್’ ಎಂದು ಹೆಸರಿಟ್ಟು ಅದನ್ನೊಂದು ಶಾಸ್ತ್ರದ ವಿಷಯವಾಗಿ ಅಭ್ಯಾಸ ಮಾಡಿದ್ದು ಫ್ರೆಡ್ ಕೋಹೆನ್. 1983ರ ನವೆಂಬರ್ 3ರಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಿನಲ್ಲಿ ಕೂತಿದ್ದಾಗ ಅವರಿಗೆ ಈ ಯೋಚನೆ ಹೊಳೆಯಿತಂತೆ. ಹೆಸರು ಸೂಚಿಸಿದವರು ಅವರ ಗುರು ಲೆನ್ ಏಡಲ್‌ಮನ್. ಎಂಟು ಗಂಟೆಯ ಕೆಲಸದಲ್ಲಿ ಕೋಹೆನ್ ಒಂದು ವೈರಸ್ ಬರೆದರು. ಅದನ್ನು, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕಡತಗಳನ್ನು ಚಿತ್ರವಾಗಿ ತೋರಿಸುವ ಒಂದು ಅಂದದ ಪ್ರೋಗ್ರಾಮಿನೊಳಗೆ ಸೇರಿಸಿ, ‘ಹೊಸದೊಂದು ಬಂದಿದೆ ನೋಡಿ’ ಎಂದು ಬಳಕೆದಾರರಿಗೆ ಸಾರಿದರು. ಒಂದು ವಾರದ ನಂತರ ಸೆಮಿನಾರಿನಲ್ಲಿ ಫಲಿತಾಂಶ ತೋರಿಸಿದರು. ಐದು ಪ್ರಯತ್ನಗಳಲ್ಲೂ, ಯಂತ್ರದ ಸಂಪೂರ್ಣ ಅಧಿಕಾರ ವೈರಸ್ಸಿನ ಕೈಗೆ ಬರಲು ಒಂದು ಗಂಟೆ ಕೂಡ ಬೇಕಾಗಲಿಲ್ಲ. ಒಮ್ಮೆಯಂತೂ ಐದು ನಿಮಿಷದೊಳಗೇ ಬಂತು. ವೈರಸ್ ಯಾವ ಬೀಗವನ್ನೂ ಮುರಿದಿರಲಿಲ್ಲ. ಅಂದದ ಪ್ರೋಗ್ರಾಮನ್ನು ಜನರೇ ಓಡಿಸಿದರು. ಓಡಿಸಿದವರಿಗೆ ಯಾವ ಅಧಿಕಾರವಿತ್ತೋ ಅದು ಅದಕ್ಕೂ ದಕ್ಕಿತು. ಫಲಿತಾಂಶ ಕಂಡು ಹೆದರಿದ ಯಂತ್ರದ ಮೇಲ್ವಿಚಾರಕರು ಮುಂದಿನ ಪ್ರಯೋಗಗಳಿಗೆ ಅನುಮತಿ ನಿರಾಕರಿಸಿದರು.

ಕೋಹೆನ್ ಅವರ ಇನ್ನೊಂದು ಮಾತು ಇವತ್ತಿಗೂ ಅಲುಗಿಲ್ಲ. ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಇದು ವೈರಸ್ಸು, ಇದು ಅಲ್ಲ ಎಂದು ತಪ್ಪಿಲ್ಲದೆ ಹೇಳುವ ಪರೀಕ್ಷಕನೊಬ್ಬ ಇದ್ದಾನೆ ಎಂದುಕೊಳ್ಳೋಣ. ಆಗ ನಾನೊಂದು ಪ್ರೋಗ್ರಾಮ್ ಬರೆಯುತ್ತೇನೆ. ಅದು ಮೊದಲು ಆ ಪರೀಕ್ಷಕನನ್ನೇ ‘ನಾನು ವೈರಸ್ಸೇ?’ ಎಂದು ಕೇಳುತ್ತದೆ. ಹೌದು ಎಂದರೆ ತೆಪ್ಪಗಿರುತ್ತದೆ, ಅಲ್ಲ ಎಂದರೆ ಹರಡಲು ಹೊರಡುತ್ತದೆ. ಪರೀಕ್ಷಕ ಏನು ಹೇಳಿದರೂ ತಪ್ಪು. ಆದ್ದರಿಂದ ಅಂಥ ಪರೀಕ್ಷಕ ಇರಲು ಸಾಧ್ಯವೇ ಇಲ್ಲ. ನಿಮ್ಮ ಆಂಟಿವೈರಸ್ ಪ್ರತಿವರ್ಷ ಹಣ ಕೇಳುವುದಕ್ಕೆ ಬೇರೆ ಕಾರಣಗಳೂ ಉಂಟು ಬಿಡಿ. ಆದರೆ ಅದು ಆಗಾಗ ಹೊಸ ಪಟ್ಟಿ ತರಿಸಿಕೊಳ್ಳುತ್ತಲೇ ಇರುವುದರ ಹಿಂದೆ ಈ ತರ್ಕವಿದೆ.

1987 ಬರುವ ಹೊತ್ತಿಗೆ ವೈರಸ್ಸುಗಳ ಸುಗ್ಗಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಿಕ್ಕ ವೈರಸ್, 13ನೇ ತಾರೀಖು ಶುಕ್ರವಾರ ಬಿದ್ದ ದಿನ ಯಾವ ಪ್ರೋಗ್ರಾಮ್ ತೆರೆದರೂ ಅದನ್ನು ಅಳಿಸುವಂಥದ್ದು. ಬರೆದವನ ಎಡವಟ್ಟಿನಿಂದ ಅದು ಒಂದೇ ಪ್ರೋಗ್ರಾಮಿಗೆ ಮತ್ತೆ ಮತ್ತೆ ಹತ್ತಿ, ಕಡತ ಉಬ್ಬುತ್ತಾ ಹೋಗಿ ಗುಟ್ಟು ರಟ್ಟಾಯಿತು. ‘ಕ್ಯಾಸ್ಕೇಡ್’ ಬಂದರೆ ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಉದುರಿ ಕೆಳಗೆ ಗುಡ್ಡೆಯಾಗುತ್ತಿದ್ದವು. ನ್ಯೂಜಿಲೆಂಡಿನ ‘ಸ್ಟೋನ್ಡ್’ ನಿಮ್ಮ ಪಿಸಿಗೆ ಗಾಂಜಾ ಮತ್ತೇರಿದೆ ಎಂದು ಆಗೊಮ್ಮೆ ಈಗೊಮ್ಮೆ ತಿಳಿಸುತ್ತಿತ್ತು.

ಇವೆಲ್ಲ ಫ್ಲಾಪಿಯ ಸಂತಾನ. ಜಾಲದ ಮೇಲೆ ದೊಡ್ಡ ಅನಾಹುತವಾದದ್ದು 1988ರ ನವೆಂಬರ್ 2ರ ರಾತ್ರಿ, ಮತ್ತು ಅದರ ಹಿಂದೊಂದು ಅಪ್ಪ-ಮಗನ ಕಥೆಯಿದೆ. 1961ರಲ್ಲಿ ಬೆಲ್ ಲ್ಯಾಬ್ಸ್‌ನ ಮೂವರು ‘ಡಾರ್ವಿನ್’ ಎಂಬ ಆಟ ಕಟ್ಟಿದ್ದರು. ಕಂಪ್ಯೂಟರಿನ ಮೆಮೊರಿಯೇ ಅಖಾಡ. ಪ್ರೋಗ್ರಾಮುಗಳು ತಮ್ಮ ಪ್ರತಿಗಳನ್ನು ಮಾಡಿಕೊಳ್ಳುತ್ತಾ ಎದುರಾಳಿಯನ್ನು ಕೊಲ್ಲಬೇಕು. ಮೂವರಲ್ಲಿ ಒಬ್ಬರು ರಾಬರ್ಟ್ ಮಾರಿಸ್. ಮುಂದೆ ಅವರು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಯ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾದರು. ಅವರು ಆ ಕುರ್ಚಿಯಲ್ಲಿದ್ದಾಗಲೇ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗ, ಅವನ ಹೆಸರೂ ರಾಬರ್ಟ್ ಮಾರಿಸ್, ತನ್ನ ಊರಿನ ಸುಳಿವು ಸಿಗದಿರಲೆಂದು ಎಂಐಟಿಯ ಯಂತ್ರವೊಂದರಿಂದ, ಜಾಲದಲ್ಲಿ ತಾನೇ ಹರಡುವ ಒಂದು ‘ವರ್ಮ್’ ಬಿಟ್ಟ.

ಅದಕ್ಕೆ ಫ್ಲಾಪಿ ಬೇಕಿರಲಿಲ್ಲ. ಯುನಿಕ್ಸ್ ಯಂತ್ರಗಳ ಮೇಲ್ ಪ್ರೋಗ್ರಾಮಿನಲ್ಲಿ ಉಳಿದಿದ್ದ ಒಂದು ಕಂಡಿ, ‘ಫಿಂಗರ್’ ಎಂಬ ಸೇವೆಯ ದೋಷ, ಒಂದು ಯಂತ್ರ ಇನ್ನೊಂದನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟುಕೊಳ್ಳುವ ವ್ಯವಸ್ಥೆ, ಇಷ್ಟೂ ಅದಕ್ಕೆ ಬಾಗಿಲು. ಜೊತೆಗೆ ಜನ ಇಟ್ಟುಕೊಳ್ಳಬಹುದಾದ 432 ಪಾಸ್‌ವರ್ಡುಗಳ ಪಟ್ಟಿ. ಈಗಾಗಲೇ ವರ್ಮ್ ಇರುವ ಯಂತ್ರಕ್ಕೆ ಮತ್ತೆ ಹೋದರೆ ಎರಡರಲ್ಲಿ ಒಂದು ಸಾಯಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಆದರೆ ಯಾರಾದರೂ ‘ವರ್ಮ್ ಈಗಾಗಲೇ ಇದೆ’ ಎಂದು ಸುಳ್ಳು ಹೇಳುವ ಪ್ರೋಗ್ರಾಮ್ ಕೂರಿಸಿ ತಡೆದುಬಿಟ್ಟರೆ? ಆ ಭಯಕ್ಕೆ, 7ರಲ್ಲಿ 1 ಸಲ ಏನೇ ಆದರೂ ಸಾಯಬಾರದು ಎಂದು ಬರೆದ. ಲೆಕ್ಕ ತಪ್ಪಿದ್ದು ಅಲ್ಲೇ. ಒಂದೇ ಯಂತ್ರದಲ್ಲಿ ಹತ್ತಾರು ಪ್ರತಿಗಳು ಜಮಾಯಿಸಿ ಯಂತ್ರಗಳು ಉಸಿರುಗಟ್ಟಿದವು. ಗಾಬರಿಯಾದ ಮಾರಿಸ್ ಗೆಳೆಯನೊಬ್ಬನಿಗೆ ವಿಷಯ ತಿಳಿಸಿದ. ಆತ ಹೆಸರು ಹಾಕದೆ, ಕ್ಷಮೆ ಕೇಳಿ, ತಡೆಯುವ ಉಪಾಯ ವಿವರಿಸಿ ಸಂದೇಶ ಕಳಿಸಿದ. ಜಾಲವೇ ಕಟ್ಟಿಕೊಂಡಿದ್ದರಿಂದ ಆ ಸಂದೇಶ ಹೊತ್ತಿಗೆ ಸರಿಯಾಗಿ ಯಾರಿಗೂ ತಲುಪಲಿಲ್ಲ.

ಈ ಪ್ರಸಂಗದಲ್ಲಿ 6,000 ಯಂತ್ರಗಳು ಕೆಟ್ಟವು ಎಂದು ಪುಸ್ತಕಗಳೆಲ್ಲ ಬರೆಯುತ್ತವೆ. ಜಾಲದಲ್ಲಿ ಸುಮಾರು 60,000 ಯಂತ್ರಗಳಿರಬಹುದು, ಶೇ. 10ಕ್ಕೆ ಹತ್ತಿರಬಹುದು ಎಂದು ಯಾರೋ ಹಾಕಿದ ಅಂದಾಜು ಅದು. ಸುದ್ದಿಗೆ ಒಂದು ಸಂಖ್ಯೆ ಬೇಕಿತ್ತು, ಸಿಕ್ಕಿತು. ಅಮೆರಿಕದ 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ಜ್ಯೂರಿಯಿಂದ ತಪ್ಪಿತಸ್ಥ ಎಂದು ತೀರ್ಪು ಪಡೆದ ಮೊದಲಿಗ ಮಾರಿಸ್. 1990ರಲ್ಲಿ ಮೂರು ವರ್ಷದ ನಿಗಾವಣೆ, 400 ಗಂಟೆಗಳ ಸಮುದಾಯ ಸೇವೆ, 10,050 ಡಾಲರ್ ದಂಡ. ಮುಂದೆ ಆತ ಪಾಠ ಹೇಳುವ ಪ್ರೊಫೆಸರ್ ಆದದ್ದು ಅದೇ ಎಂಐಟಿಯಲ್ಲಿ.

ಭಾರತಕ್ಕೆ ವೈರಸ್ಸಿನ ಪರಿಚಯ ಆಗುವ ಹೊತ್ತಿಗೆ ನಮ್ಮಲ್ಲಿ ಜಾಲವೆಂಬುದು ದೂರದ ಮಾತು, ಫ್ಲಾಪಿಯೇ ಸರ್ವಸ್ವ. ಕಂಪ್ಯೂಟರ್ ಕೋಣೆಗೆ ಏಸಿ, ಬಾಗಿಲಲ್ಲಿ ಚಪ್ಪಲಿಗಳ ಸಾಲು. ಧೂಳು ಹೋಗಬಾರದೆಂಬ ಆ ನಿಯಮವನ್ನು ಎಷ್ಟೋ ಜನ ವೈರಸ್ ತಡೆಯುವ ಮಡಿ ಎಂದೇ ನಂಬಿದ್ದರು! ಬರಿಗಾಲಲ್ಲಿ ಒಳಹೋದವರ ಶರ್ಟಿನ ಜೇಬಲ್ಲಿ ಫ್ಲಾಪಿ ಇರುತ್ತಿತ್ತು. ವರ್ಡ್‌ಸ್ಟಾರ್, ಡಿಬೇಸ್, ಲೋಟಸ್ ಕಲಿಸುವ ತರಬೇತಿ ಕೇಂದ್ರಗಳು ಬೆಂಗಳೂರಿನಿಂದ ತಾಲ್ಲೂಕು ಕೇಂದ್ರದವರೆಗೆ ತಲೆಯೆತ್ತಿದವು. ಬೆಳಗಿನ ಬ್ಯಾಚಿನವರ ಫ್ಲಾಪಿಯಿಂದ ಸಂಜೆಯ ಬ್ಯಾಚಿನವರ ಫ್ಲಾಪಿಗೆ ಸೋಂಕು ದಾಟಲು ಇನ್ನೇನು ಬೇಕು? ಡಿಟಿಪಿ ಬಂದ ಮೇಲೆ ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಎಲ್ಲವೂ ಫ್ಲಾಪಿಯಲ್ಲಿ ಕೂತು ಡಿಟಿಪಿ ಸೆಂಟರಿನಿಂದ ಪ್ರೆಸ್ಸಿಗೆ, ತಿದ್ದುಪಡಿಗೆಂದು ಮತ್ತೆ ಸೆಂಟರಿಗೆ ಓಡಾಡಿದವು. 1984ರ ತಿದ್ದುಪಡಿಯಿಂದ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೂ ಜಾಗ ಸಿಕ್ಕಿತ್ತು. ಕಾಗದದ ಮೇಲೆ ನಾವು ಲಾಹೋರಿಗಿಂತ ಮುಂದಿದ್ದೆವು. ಅಂಗಡಿಯಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

1990ರ ಜೂನ್‌ನಲ್ಲಿ ಭಾರತದಲ್ಲೇ ಒಂದು ವೈರಸ್ ಪತ್ತೆಯಾಯಿತು. ಹೆಸರು ‘ಜೋಶಿ’. ಪ್ರತಿ ಜನವರಿ 5ರಂದು ಅದು ಯಂತ್ರವನ್ನು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡು ಎಂದು ಕೇಳುತ್ತಿತ್ತು. ಮಾಡಿದರೆ ಬಿಡುಗಡೆ, ಇಲ್ಲದಿದ್ದರೆ ಇಲ್ಲ. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಯಂತ್ರವನ್ನು ಮತ್ತೆ ಶುರು ಮಾಡಿದರೂ ಅದು ಮೆಮೊರಿಯಿಂದ ಕದಲುತ್ತಿರಲಿಲ್ಲ; ಸ್ವಿಚ್ಚೇ ಆರಿಸಬೇಕಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಓಣಿಗೊಬ್ಬ ಜೋಶಿ ಸಿಗುತ್ತಾರೆ, ಮಹಾರಾಷ್ಟ್ರದಲ್ಲಿ ಇನ್ನೂ ಹೆಚ್ಚು. ಲಾಹೋರಿನವರಂತೆ ಈತ ವಿಳಾಸ ಕೊಟ್ಟಿರಲಿಲ್ಲ.

ಪುಣೆಯಲ್ಲೂ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್, ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ರಿಪೇರಿಗೆ ಬಂದ ಯಂತ್ರಗಳಲ್ಲಿ ವೈರಸ್ ಕಾಟ ಕಂಡು, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅವನ್ನು ತೆಗೆಯುವ ಪ್ರೋಗ್ರಾಮ್ ಬರೆದರು. 1990ರ ದಶಕದ ನಡುವಿಗೆ ಅದು ‘ಕ್ವಿಕ್ ಹೀಲ್’ ಆಯಿತು.

ಹೆದರಿಕೆಯ ವ್ಯಾಪಾರವೂ ಆಗಲೇ ಶುರುವಾಗಿತ್ತು. ‘ಸ್ಟೋನ್ಡ್’ ವೈರಸ್ಸಿನ ಕುಡಿಯೊಂದು ಮಾರ್ಚ್ 6ರಂದು ಡಿಸ್ಕಿನ ಮೇಲೆ ಕಸ ಬರೆಯುವಂಥದ್ದು. ಆ ದಿನ ಇಟಲಿಯ ಶಿಲ್ಪಿ ಮೈಕೆಲ್ಯಾಂಜೆಲೊ ಹುಟ್ಟಿದ್ದೆಂದು ವೈರಸ್ ಪರಿಶೀಲಿಸಿದವರು ಅದಕ್ಕೆ ಅವನ ಹೆಸರಿಟ್ಟರು. ಬರೆದವನಿಗೆ ಆ ಶಿಲ್ಪಿಯ ನೆನಪಿತ್ತು ಎನ್ನಲು ಪ್ರೋಗ್ರಾಮಿನಲ್ಲಿ ಯಾವ ಗುರುತೂ ಇಲ್ಲ. 1992ರಲ್ಲಿ, ಆಂಟಿವೈರಸ್ ಮಾರುತ್ತಿದ್ದ ಜಾನ್ ಮ್ಯಾಕಫೀ 50 ಲಕ್ಷದವರೆಗೂ ಯಂತ್ರಗಳು ಹಾಳಾಗಬಹುದು ಎಂದದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮಾರ್ಚ್ 6 ಬಂತು, ಹೋಯಿತು. ಕೆಟ್ಟ ಯಂತ್ರಗಳ ಲೆಕ್ಕ ಸಾವಿರಗಳಲ್ಲೇ ಉಳಿಯಿತು. ಆಂಟಿವೈರಸ್ ಮಾತ್ರ ಭರ್ಜರಿಯಾಗಿ ಮಾರಾಟವಾಯಿತು.

ಬೂಟ್ ಸೆಕ್ಟರ್ ವೈರಸ್ಸುಗಳನ್ನು ಕೊನೆಗಾಣಿಸಿದ್ದು ಆಂಟಿವೈರಸ್ಸಿಗಿಂತ ಹೆಚ್ಚಾಗಿ ಕಾಲ. ವಿಂಡೋಸ್ ಬಂತು, ಸಿಡಿ ಬಂತು, ಫ್ಲಾಪಿ ಮೂಲೆಗೆ ಸರಿಯಿತು. ಕೈಯಿಂದ ಕೈಗೆ ದಾಟುತ್ತಿದ್ದದ್ದು ಈಗ ವರ್ಡ್ ಕಡತ. ವೈರಸ್ಸೂ ಅಲ್ಲಿಗೇ ಬಿಡಾರ ಬದಲಿಸಿತು. 1995ರ ‘ಕಾನ್ಸೆಪ್ಟ್’ ವರ್ಡ್ ಕಡತದೊಳಗಿನ ಮ್ಯಾಕ್ರೋ, ಅಂದರೆ ಪುಟ್ಟ ಪ್ರೋಗ್ರಾಮ್, ಆಗಿ ಹರಡಿತು, ಸ್ವತಃ ಮೈಕ್ರೋಸಾಫ್ಟ್ ಹಂಚಿದ ಒಂದು ಸಿಡಿಯಲ್ಲೂ ಸೇರಿಕೊಂಡಿತ್ತು.

ಬ್ರೇನ್‌ಗೆ 25 ತುಂಬಿದಾಗ, 2011ರಲ್ಲಿ, ಫಿನ್ಲೆಂಡಿನ ಭದ್ರತಾ ತಜ್ಞ ಮಿಕ್ಕೊ ಹಿಪ್ಪೊನೆನ್ ವೈರಸ್ಸಿನೊಳಗಿನ ವಿಳಾಸ ಹಿಡಿದು ಲಾಹೋರಿಗೆ ಹೋದರು. ವಿಳಾಸ ಬದಲಾಗಿರಲಿಲ್ಲ. ಅಲ್ವಿ ಸೋದರರು ಅಲ್ಲೇ ಇದ್ದರು, ಬ್ರೇನ್ ಎಂಬ ಹೆಸರಿನಲ್ಲೇ ಇಂಟರ್‌ನೆಟ್ ಸಂಪರ್ಕ ಒದಗಿಸುವ ಕಂಪನಿ ನಡೆಸುತ್ತಿದ್ದರು. ಅದಕ್ಕೂ ನಾಲ್ಕು ವರ್ಷ ಮೊದಲು, 2007ರಲ್ಲಿ, ಡೆನ್ಮಾರ್ಕ್ ಮತ್ತು ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಹೊಚ್ಚಹೊಸ ವಿಂಡೋಸ್ ವಿಸ್ಟಾ ಲ್ಯಾಪ್‌ಟಾಪುಗಳ ಬೂಟ್ ಸೆಕ್ಟರಿನಲ್ಲಿ ‘ಸ್ಟೋನ್ಡ್’ ಕುಲದ, 1990ರ ದಶಕದ ಒಂದು ವೈರಸ್ ಸಿಕ್ಕಿತ್ತು. ಕಾರ್ಖಾನೆಯಿಂದಲೇ ಬಂದದ್ದು. ಲ್ಯಾಪ್‌ಟಾಪಿನ ಜೊತೆ ಕೊಟ್ಟಿದ್ದ ಆಂಟಿವೈರಸ್‌ಗೆ ಅದನ್ನು ತೆಗೆಯಲು ಬರಲಿಲ್ಲ. ಹಾಗೆಂದು ಅದು ಇನ್ನೊಂದು ಯಂತ್ರಕ್ಕೆ ಹರಡುವ ಹಾಗೂ ಇರಲಿಲ್ಲ, ಹರಡಲು ಅದಕ್ಕೆ ಬೇಕಿದ್ದದ್ದು ಫ್ಲಾಪಿ.